21 ಎಂಬ ಉತ್ತರ ಎಲ್ಲಿಂದ ಬಂತು? ಎಂಟನೇ ಕ್ಲಾಸಿನ ಒಬ್ಬ ಹುಡುಗಿಯ ಲೆಕ್ಕ

ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿಯ ಜೊತೆ ಸುಮಾರು ಐದು ತಿಂಗಳು ಕೂತು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಬೇಡ. ಹುಡುಗಿಯನ್ನು ಮೀನಾ ಅಂತ ಕರೆಯೋಣ, ಅದು ಅವಳ ಹೆಸರಲ್ಲ. ಗುರುತು ಸಿಗಬಾರದು ಅಂತ ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಲೆಕ್ಕಗಳನ್ನೂ ತಪ್ಪುಗಳನ್ನೂ ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಯಾಕಂದ್ರೆ ನಾನು ಕಲಿತದ್ದೆಲ್ಲ ಆ ತಪ್ಪುಗಳಿಂದಲೇ.

ಮೀನಾಳ ಮನೆಮಾತು ತುಳು. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. ಶಾಲೆಯಲ್ಲಿ ಕನ್ನಡ. ನಮ್ಮ ಕಡೆ ಇದರಲ್ಲಿ ವಿಶೇಷ ಏನೂ ಇಲ್ಲ, ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳು ಕೂತಿರುತ್ತಾರೆ. ಅವಳ ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಾರೆ, ಅಮ್ಮ ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಆರನೇ ಕ್ಲಾಸಿನಲ್ಲಿ ಕೆಲವು ತಿಂಗಳು ಇವಳಿಗೆ ಕನ್ನಡ ಬಾರದ ಗಣಿತ ಟೀಚರ್ ಇದ್ದರು. ಬೋರ್ಡಿನ ಮೇಲಿನ ಅಂಕಿ ಅರ್ಥ ಆಗುತ್ತಿತ್ತು, ಅದನ್ನು ಯಾಕೆ ಹಾಗೆ ಮಾಡಿದರು ಅಂತ ಹೇಳುವ ಮಾತು ಅರ್ಥ ಆಗುತ್ತಿರಲಿಲ್ಲ. ಆ ವರ್ಷ ಮಕ್ಕಳು ಮಾಡಿದ್ದು ನೋಡಿ ಬರೆಯುವುದು, ಬಾಯಿಪಾಠ ಮಾಡುವುದು. ಅದರ ಗುರುತು ಎರಡು ವರ್ಷ ಆದ ಮೇಲೂ ಹೋಗಿರಲಿಲ್ಲ.

ಜೂನ್‌ನಲ್ಲಿ ನನ್ನ ಕೈಗೆ ಬಂದಾಗ ಅವಳು ಹಿಂದಿನಿಂದ ಎರಡನೇ ಬೆಂಚು. ತರಲೆ ಇಲ್ಲ, ಗಲಾಟೆ ಇಲ್ಲ, ನೋಟ್ಸ್ ನೀಟು. ಜುಲೈಯಲ್ಲಿ ನಾನು ಕೊಟ್ಟ ಕ್ಲಾಸ್ ಟೆಸ್ಟಿನಲ್ಲಿ 20ಕ್ಕೆ 5.

ಆ ಟೆಸ್ಟಿನಲ್ಲಿ ಒಂದು ಪ್ರಶ್ನೆ ಹೀಗಿತ್ತು: ಒಂದು ಸಂಖ್ಯೆಯ 7 ಪಟ್ಟಿಗೆ 13 ಕೂಡಿಸಿದರೆ 69 ಸಿಗುತ್ತದೆ, ಸಂಖ್ಯೆ ಯಾವುದು? ಮೀನಾ ಒಂದೇ ಗೆರೆಯಲ್ಲಿ ಬರೆದಿದ್ದಳು: 21. ನಾನು ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ ಪಕ್ಕದಲ್ಲಿ "ಸಮೀಕರಣ ಅರ್ಥ ಆಗಿಲ್ಲ" ಅಂತ ಬರೆದೆ. ಆ ಮಾತು ತಪ್ಪಾಗಿತ್ತು. ಅದು ತಪ್ಪು ಅಂತ ಗೊತ್ತಾಗಲು ನನಗೆ ಆರು ವಾರ ಬೇಕಾಯಿತು.

ಮೊದಲು ಮಾಡಿದ್ದು

ಮಗ್ಗಿ ಗಟ್ಟಿ ಇಲ್ಲ ಅಂತ ಅಂದುಕೊಂಡು 6ರಿಂದ 9ರವರೆಗಿನ ಮಗ್ಗಿಯನ್ನು ದಿನಾ ಐದು ಸಲ ಬರೆದುಕೊಂಡು ಬಾ ಅಂದೆ. ಬರೆದಳು. ಮುತ್ತಿನಂಥ ಅಕ್ಷರ. ಕೇಳಿದರೆ ಏಳೊಂದ್ಲ ಏಳರಿಂದ ಏಳ್ಹತ್ಲ ಎಪ್ಪತ್ತರವರೆಗೆ ಎಲ್ಲೂ ತಡೆಯದೆ ಹೇಳಿದಳು. ಹಾಗಾದರೆ ಮಗ್ಗಿ ಬರುತ್ತದೆ, ಅಭ್ಯಾಸ ಸಾಲದು ಅಂದುಕೊಂಡು ಮನೆಗೆ ದಿನಾ ಹತ್ತು ಲೆಕ್ಕ ಕೊಟ್ಟೆ. ಮೂರನೇ ದಿನದಿಂದ ಹತ್ತಕ್ಕೆ ಹತ್ತೂ ಸರಿ ಬರತೊಡಗಿತು. ನಾಲ್ಕನೇ ದಿನ ಬೆಳಿಗ್ಗೆ ಅವಳು ವರಾಂಡದಲ್ಲಿ ಕೂತು ಗೆಳತಿಯ ಪುಸ್ತಕ ನೋಡಿ ಬರೆಯುತ್ತಿದ್ದಳು. ನನ್ನನ್ನು ನೋಡಿ ಪುಸ್ತಕ ಮುಚ್ಚಿದಳು, ನಾನು ಬೈಯಲಿಲ್ಲ, ಆದರೆ ಅವಳ ಮುಖ ನೋಡಿ ಹೊಟ್ಟೆಯೊಳಗೆ ಏನೋ ಆಯಿತು. ಬಾರದ ಕೆಲಸವನ್ನೇ ಜಾಸ್ತಿ ಮಾಡು ಅಂತ ನಾನು ಹೇಳಿದ್ದೆ. ಅವಳಿಗೆ ಬೇರೆ ದಾರಿ ಏನಿತ್ತು?

ಸ್ಟಾಫ್ ರೂಮಿನಲ್ಲಿ ಒಬ್ಬರು "ಆ ಹುಡುಗಿಗೆ ನೆನಪಿನ ಶಕ್ತಿಯೇ ಕಡಿಮೆ" ಅಂದರು. ಅದನ್ನು ಒಮ್ಮೆ ನೋಡಿಯೇ ಬಿಡೋಣ ಅಂತ ಅನಿಸಿತು. ಮಧ್ಯಾಹ್ನ ಊಟ ಆದ ಮೇಲೆ ಅವಳನ್ನು ಕೂರಿಸಿ ಅಂಕಿಗಳನ್ನು ಒಂದೊಂದಾಗಿ ಹೇಳಿದೆ, ಕೇಳಿ ಅದೇ ಕ್ರಮದಲ್ಲಿ ಹೇಳಬೇಕು. ನಾಲ್ಕು ಹೇಳಿದಳು, ಐದು ಹೇಳಿದಳು, ಆರೂ ಸರಿಯಾಗಿ ಹೇಳಿದಳು. ಅಮೆರಿಕದ ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ, ಮನುಷ್ಯ ಒಮ್ಮೆಗೆ ಮನಸ್ಸಿನಲ್ಲಿ ಹಿಡಿಯುವುದು ಏಳು, ಹೆಚ್ಚು ಕಡಿಮೆ ಎರಡು ಅಂತ ಹೇಳಿದ್ದರು. ಆ ಲೆಕ್ಕದಲ್ಲಿ ಮೀನಾ ಎಲ್ಲರ ಹಾಗೇ ಇದ್ದಾಳೆ.

ಆಮೇಲೆ ಇನ್ನೊಂದು ಮಾಡಿದೆ. 4, 9, 2 ನೆನಪಿಟ್ಟುಕೋ, ಈಗ ಏಳೆಂಟ್ಲ ಎಷ್ಟು ಹೇಳು, ಆಮೇಲೆ ಆ ಮೂರು ಅಂಕಿ ಹೇಳು ಅಂದೆ. ಸ್ವಲ್ಪ ಹೊತ್ತು ಆಯಿತು. ಅವಳ ತುಟಿ ಅಲ್ಲಾಡುತ್ತಿತ್ತು. "ಐವತ್ತಾರು ಟೀಚರ್" ಅಂದಳು. ಸರಿ, ಆ ಮೂರು ಅಂಕಿ? ಅವಳು ನನ್ನನ್ನೇ ನೋಡಿದಳು. "ಅದು ಹೋಯ್ತು ಟೀಚರ್."

ಇದು ನಾನೇ ಮನಸ್ಸಿಗೆ ಬಂದ ಹಾಗೆ ಮಾಡಿ ನೋಡಿದ್ದು, ಶಾಸ್ತ್ರೀಯ ಪರೀಕ್ಷೆ ಏನೂ ಅಲ್ಲ. ಆದರೆ ಹಾದಿ ಸಿಕ್ಕಿದ್ದು ಅಲ್ಲೇ.

ತುಟಿ ಅಲ್ಲಾಡಿದ್ದು

ಮರುದಿನ ಅದೇ 69ರ ಲೆಕ್ಕ ಕೊಟ್ಟು, ಮನಸ್ಸಿನಲ್ಲಿ ಏನು ಬರುತ್ತದೋ ಅದನ್ನೆಲ್ಲ ಬಾಯಿಬಿಟ್ಟು ಹೇಳು, ಯಾವ ಭಾಷೆಯಾದರೂ ಆಗಬಹುದು ಅಂದೆ. ನಾನು ನಡುವೆ ಬಾಯಿ ಹಾಕಲಿಲ್ಲ.

ಪ್ರಶ್ನೆಯನ್ನು ಕನ್ನಡದಲ್ಲಿ ಓದಿದಳು. ಆಮೇಲೆ ತುಳುವಿಗೆ ಹೊರಳಿದಳು: "ಪದಿಮೂಜಿ ದೆಪ್ಪೊಡು", ಹದಿಮೂರು ತೆಗೀಬೇಕು. ಸರಿಯಾದ ಯೋಚನೆ! 69ರಿಂದ 13 ತೆಗೆದಳು, 56. ಅದೂ ಸರಿ. ಈಗ ಏಳರ ಮಗ್ಗಿಯಲ್ಲಿ 56 ಎಲ್ಲಿದೆ ಅಂತ ಹುಡುಕಬೇಕು. ಅವಳು ಮೊದಲಿಂದ ಶುರು ಮಾಡಿದಳು, ಕನ್ನಡದಲ್ಲಿ, ರಾಗವಾಗಿ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು... ಏಳೆಂಟ್ಲ ಐವತ್ತಾರು. ಎಂಟು! ಆ ಹೊತ್ತಿಗೆ ಮನಸ್ಸಿನಲ್ಲಿ ಉಳಿದದ್ದು ಎಂಟು, ಮತ್ತು ಹದಿಮೂರಕ್ಕೆ ಏನೋ ಮಾಡಬೇಕು ಎಂಬ ನೆನಪು. ಮಾಡಿ ಆಗಿದೆ ಎಂಬುದು ಅಳಿಸಿ ಹೋಗಿತ್ತು. ಪ್ರಶ್ನೆ ಕಡೆ ಒಮ್ಮೆ ನೋಡಿದಳು, ಅಲ್ಲಿ "ಕೂಡಿಸಿದರೆ" ಅಂತ ಇತ್ತು. ಎಂಟಕ್ಕೆ ಹದಿಮೂರು ಕೂಡಿಸಿದಳು. 21.

ಅವಳಿಗೆ ಸಮೀಕರಣ ಅರ್ಥ ಆಗಿತ್ತು. ಕಳೆಯುವುದು ಗೊತ್ತಿತ್ತು, ಮಗ್ಗಿ ಗೊತ್ತಿತ್ತು. ಇಷ್ಟು ಗೊತ್ತಿದ್ದವಳಿಗೆ ನಾನು ಅರ್ಥ ಆಗಿಲ್ಲ ಅಂತ ಬರೆದಿದ್ದೆ.

ಮಳೆಗಾಲದಲ್ಲಿ ಬಸ್ಸು ಹತ್ತುವ ಮಕ್ಕಳನ್ನು ನೋಡಿದ್ದೀರಲ್ವಾ? ಬೆನ್ನಿಗೆ ಚೀಲ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬುತ್ತಿ. ಕಂಡಕ್ಟರ್ ಪಾಸ್ ಕೇಳಿದರೆ ಏನಾದರೂ ಒಂದನ್ನು ಕೆಳಗಿಡಲೇಬೇಕು. ಲೆಕ್ಕ ಮಾಡುವಾಗ ಮನಸ್ಸಿನ ಸ್ಥಿತಿಯೂ ಅದೇ. ಏನನ್ನಾದರೂ ಮಾಡುತ್ತಾ ಮಾಡುತ್ತಾ ಹಿಡಿದುಕೊಳ್ಳುವ ಈ ನೆನಪನ್ನು ಕೆಲಸದ ನೆನಪು ಅನ್ನಬಹುದು. ಬ್ರಿಟನ್ನಿನ ಮನಃಶಾಸ್ತ್ರಜ್ಞರಾದ ಬ್ಯಾಡಲಿ ಮತ್ತು ಹಿಚ್ 1974ರಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಚಿತ್ರ ಕೊಟ್ಟರು. ಮಿಲ್ಲರ್ ಹೇಳಿದ ಏಳು ಕೂಡ ಜಾಸ್ತಿಯೇ ಆಯಿತು, ಮನಸ್ಸಿನಲ್ಲೇ ಉರು ಹೊಡೆಯಲು, ಜೋಡಿಸಿ ಹಿಡಿಯಲು ಅವಕಾಶ ಇಲ್ಲದಿದ್ದರೆ ಸುಮಾರು ನಾಲ್ಕೇ ಅಂತ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಹಳೆಯ ನೆನಪು ಬೇರೆ. ಅದು ಅಟ್ಟದ ಹಾಗೆ, ಎಷ್ಟು ಬೇಕಾದರೂ ತುಂಬಬಹುದು. ಅಟ್ಟದಲ್ಲಿ ಇರುವುದು ಕೇಳಿದ ತಕ್ಷಣ ಕೈಗೆ ಬಂದರೆ ಕೆಲಸದ ನೆನಪಿಗೆ ಭಾರ ಇಲ್ಲ. ಮೀನಾಳ ಮಗ್ಗಿ ಅಟ್ಟದಲ್ಲಿ ಇತ್ತು, ಆದರೆ ಒಂದೇ ಉದ್ದದ ಹಗ್ಗವಾಗಿ. ತುದಿ ಹಿಡಿದು ಎಳೆಯದೆ ನಡುವಿನ ತುಂಡು ಸಿಗುತ್ತಿರಲಿಲ್ಲ. ನಾನು ಐದೈದು ಸಲ ಬರೆಸಿ ಆ ಹಗ್ಗವನ್ನು ಇನ್ನೂ ಗಟ್ಟಿ ಮಾಡಿದ್ದೆ.

ಭಾಷೆಯದ್ದೂ ಒಂದು ಪಾಲು ಇದೆ ಅಂತ ನನಗೆ ಅನಿಸುತ್ತದೆ. ವೇಲ್ಸ್‌ನಲ್ಲಿ ವೆಲ್ಷ್, ಇಂಗ್ಲಿಷ್ ಎರಡೂ ಬಲ್ಲವರನ್ನು ನೋಡಿ ಎಲ್ಲಿಸ್ ಮತ್ತು ಹೆನೆಲ್ಲಿ ಎಂಬವರು 1980ರಲ್ಲಿ ಬರೆದಿದ್ದರು: ವೆಲ್ಷ್ ಭಾಷೆಯಲ್ಲಿ ಅಂಕಿಯ ಹೆಸರು ಹೇಳಲು ಹೆಚ್ಚು ಹೊತ್ತು ಬೇಕು, ಹಾಗಾಗಿ ಇಂಗ್ಲಿಷಿನಲ್ಲಿ ನೆನಪಿಡುವಷ್ಟು ಅಂಕಿ ವೆಲ್ಷ್‌ನಲ್ಲಿ ನಿಲ್ಲುವುದಿಲ್ಲ. ಅದನ್ನು ಓದಿದಾಗಿನಿಂದ ನಮ್ಮ "ಐವತ್ತಾರು", "ಅರವತ್ತೊಂಬತ್ತು" ಎಷ್ಟು ಉದ್ದ ಅಂತ ಕಿವಿಗೆ ಬೀಳುತ್ತಿದೆ. ಮೀನಾ ಅದರ ಮೇಲೆ ಭಾಷೆಯನ್ನೂ ಬದಲಿಸುತ್ತಿದ್ದಳು, ಯೋಚನೆ ತುಳುವಿನಲ್ಲಿ, ಮಗ್ಗಿ ಕನ್ನಡದಲ್ಲಿ, ಆರನೇ ಕ್ಲಾಸಿನಲ್ಲಿ ಕಲಿತ ಒಂದೆರಡು ಮಾತು ಮಲಯಾಳದಲ್ಲಿ. ತುಳುವಿನಲ್ಲಿ ಯೋಚಿಸಬೇಡ ಅಂತ ಹೇಳುವುದೇ ಅಥವಾ ಬಿಡುವುದೇ ಅಂತ ನಾನು ಎರಡು ದಿನ ಯೋಚಿಸಿದೆ. ಬಿಟ್ಟೆ. ಅವಳ ಸರಿಯಾದ ಯೋಚನೆ ಬಂದದ್ದೇ ತುಳುವಿನಲ್ಲಿ.

ಎರಡನೇ ಸಲ

ಮೊದಲ ತೀರ್ಮಾನ ನನ್ನದೇ ನಿಯಮ ತೆಗೆಯುವುದು. ನೋಟ್ಸ್ ನೀಟಾಗಿರಬೇಕು, ಗೀಚಬಾರದು, ಸಣ್ಣ ಲೆಕ್ಕ ಮನಸ್ಸಿನಲ್ಲೇ ಮಾಡಿ ಅಂತ ನಾನು ಜೂನ್‌ನಲ್ಲೇ ಇಡೀ ಕ್ಲಾಸಿಗೆ ಹೇಳಿದ್ದೆ. ಮೀನಾ ಹೇಳಿದ ಮಾತು ಕೇಳುವ ಹುಡುಗಿ. ಆ 21ರ ಮುಂದೆ ಒಂದು ಗೆರೆಯೂ ಇಲ್ಲದ್ದು ಅದಕ್ಕೇ. ಈಗ ಪುಟದ ಬಲಗಡೆ ಮೂರು ಬೆರಳಗಲ ಬಿಟ್ಟು ಗೆರೆ ಹಾಕಿಸಿದೆ. ಅದು ಗೀಚುವ ಜಾಗ. ಒಂದು ಹೆಜ್ಜೆ ಮುಗಿದ ತಕ್ಷಣ ಅಲ್ಲಿ ಬರೆಯಬೇಕು, "13 ತೆಗೆದಾಯಿತು" ಅಂತ. ಕೊಡೆಯನ್ನು ಬಸ್ಸಿನ ಮೂಲೆಗೆ ಒರಗಿಸಿಟ್ಟ ಹಾಗೆ.

ಎರಡನೆಯದು ಚೀಟಿ. ಮಗ್ಗಿ ಅಂದರೆ ನೂರು ಸಾಲು ಅಂತ ಅವಳ ಮನಸ್ಸಿನಲ್ಲಿತ್ತು. ಕೂತು ಲೆಕ್ಕ ಹಾಕಿದೆವು. ಒಂದು, ಎರಡು, ಐದು, ಹತ್ತರ ಮಗ್ಗಿ ಅವಳಿಗೆ ನೀರು ಕುಡಿದ ಹಾಗೆ, ತೆಗೆದು ಬಿಡು. ಉಳಿದದ್ದು 3, 4, 6, 7, 8, 9. ಏಳೆಂಟ್ಲ ಮತ್ತು ಎಂಟೇಳ್ಲ ಒಂದೇ, ಹಾಗಾಗಿ ಒಂದನ್ನು ಬಿಡು. ಕೊನೆಗೆ ಉಳಿದದ್ದು 21 ಗುಣಾಕಾರ. ಅದರಲ್ಲೂ ಮೂರರದ್ದೆಲ್ಲ ಬರುತ್ತದೆ, ನಾಲ್ಕು ನಾಲ್ಕ್ಲ, ನಾಲ್ಕಾರ್ಲ ಬರುತ್ತದೆ, ಆರಾರ್ಲ, ಏಳೇಳ್ಲ, ಎಂಟೆಂಟ್ಲ, ಒಂಬತ್ತೊಂಬತ್ಲ ಕೂಡ ಬರುತ್ತದೆ. ತಡೆಯುವುದು ಒಂಬತ್ತೇ ಒಂಬತ್ತು.

"ಇಷ್ಟೇ ಉಂಟಾ ಟೀಚರ್?"

ಇಷ್ಟೇ ಉಂಟು ಅಂದೆ. ಆ ದಿನ ಅವಳ ಮುಖದಲ್ಲಿ ಕಂಡದ್ದನ್ನು ನಾನು ಮರೆಯುವುದಿಲ್ಲ. ಇಡೀ ಪ್ರಕರಣದ ನಿಜವಾದ ತಿರುವು ಇದೇ ಅಂತ ಈಗಲೂ ನಂಬಿದ್ದೇನೆ.

ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಒಂಬತ್ತು ಚೀಟಿ ಮಾಡಿದೆವು. ಒಂದು ಕಡೆ 7 × 8, ಹಿಂದೆ 56. ದಿನಾ ಐದು ನಿಮಿಷ, ಅಷ್ಟೇ. ಎರಡು ವಾರದಲ್ಲಿ ಒಂಬತ್ತನ್ನೂ ಪಟಪಟ ಹೇಳತೊಡಗಿದಳು. ಒಂದು ದಿನ ಚೀಟಿಗಳು ನನ್ನ ಕೈಯಿಂದ ಜಾರಿ ಕೆಳಗೆ ಬಿದ್ದವು. ಹೆಕ್ಕಿ ಜೋಡಿಸಿ ಕೇಳಿದರೆ ನಾಲ್ಕು ತಪ್ಪು! ಅವಳು ಚೀಟಿಗಳ ಕ್ರಮವನ್ನು ಬಾಯಿಪಾಠ ಮಾಡಿದ್ದಳು, ಮತ್ತೊಂದು ಹಗ್ಗ. ಬುದ್ಧಿ ಇರುವ ಮಗು ಸುಲಭದ ದಾರಿಯನ್ನೇ ಹುಡುಕುತ್ತದೆ, ಅದು ಅದರ ತಪ್ಪಲ್ಲ. ಅಂದಿನಿಂದ ಪ್ರತಿ ಸಲ ಕಲೆಸಿ ಕೇಳಿದೆ, ಕೆಲವು ಸಲ ಹಿಂದಿನ ಕಡೆಯಿಂದ ಕೇಳಿದೆ: 56 ಅಂದರೆ ಯಾವುದು ಯಾವುದು? ಭಾಗಾಕಾರಕ್ಕೂ ಸಮೀಕರಣಕ್ಕೂ ಬೇಕಾದದ್ದು ಈ ಹಿಂದಿನ ಕಡೆಯೇ. ಬರೀ ಮುಂದಿನಿಂದ ಮಗ್ಗಿ ಕೇಳುವ ನಮ್ಮ ಅಭ್ಯಾಸದಲ್ಲಿ ಅದು ಬಿಟ್ಟೇ ಹೋಗುತ್ತದೆ.

ಓಣಂ ರಜೆ ಬಂತು. ರಜೆ ಮುಗಿಸಿ ಬಂದಾಗ ಒಂಬತ್ತರಲ್ಲಿ ಮೂರು ಮರೆತಿದ್ದಳು. ಅತ್ತಳು. ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಮರೆತು ಹೋಗುತ್ತದೆ, ಮತ್ತೆ ಕಲಿಯಲು ಮಾತ್ರ ಕಡಿಮೆ ಹೊತ್ತು ಸಾಕು ಅಂತ ತೋರಿಸಿದ್ದರು. ಅದನ್ನು ಅವಳಿಗೆ ಕಥೆ ಹಾಗೆ ಹೇಳಿದೆ, ದೊಡ್ಡ ವಿದ್ವಾಂಸರಿಗೂ ಮರೆಯುತ್ತದೆ ಮಗಾ ಅಂತ. ಮೂರು ದಿನದಲ್ಲಿ ಆ ಮೂರೂ ವಾಪಸ್ ಬಂದವು. ಆಮೇಲೆ ದಿನಾ ಕೇಳುವುದು ಬಿಟ್ಟು ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಅಂತ ಅಂತರ ಹೆಚ್ಚಿಸಿದೆ.

ಮೂರನೆಯದು ಅರ್ಧ ಮಾಡಿದ ಲೆಕ್ಕ. ಮನೆಗೆ ಹತ್ತು ಲೆಕ್ಕ ಕೊಡುವುದು ನಿಲ್ಲಿಸಿ ಮೂರೇ ಕೊಟ್ಟೆ. ಒಂದು ಪೂರ್ತಿ ಮಾಡಿದ್ದು, ಓದಿ ಪ್ರತಿ ಗೆರೆ ಯಾಕೆ ಬಂತು ಅಂತ ಹೇಳಬೇಕು. ಎರಡನೆಯದರಲ್ಲಿ ಕೊನೆಯ ಗೆರೆ ಇಲ್ಲ, ಮೂರನೆಯದರಲ್ಲಿ ಎರಡು ಗೆರೆ ಇಲ್ಲ. ಆಸ್ಟ್ರೇಲಿಯಾದ ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವ ಮಕ್ಕಳಲ್ಲೇ ಇದನ್ನು ನೋಡಿದ್ದರು, ಹೊಸದಾಗಿ ಕಲಿಯುವಾಗ ಲೆಕ್ಕ ಬಿಡಿಸುತ್ತಾ ಒದ್ದಾಡುವುದಕ್ಕಿಂತ ಬಿಡಿಸಿದ ಲೆಕ್ಕವನ್ನು ಓದುವುದರಿಂದ ಬೇಗ ಹಿಡಿತ ಸಿಗುತ್ತದೆ ಅಂತ. ಅವಳು ಗೆಳತಿಯ ಪುಸ್ತಕ ನೋಡಿ ಬರೆದದ್ದಕ್ಕೂ ಇದಕ್ಕೂ ಹೆಚ್ಚು ದೂರ ಇಲ್ಲ, ನೋಡಿ. ಅಲ್ಲಿ ಯಾಕೆ ಅಂತ ಕೇಳುವವರು ಇರಲಿಲ್ಲ, ಇಲ್ಲಿ ಇದ್ದಾರೆ.

ಸೂಡಿ

ಅಕ್ಟೋಬರ್‌ನಲ್ಲಿ ಅವಳ ಅಮ್ಮ ಶಾಲೆಗೆ ಬಂದರು. ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋಗುವ ದಾರಿ, ಕೈಯಲ್ಲಿ ಬುಟ್ಟಿ. ಮಾತಿನ ನಡುವೆ "ಲೆಕ್ಕದ ಚೀಟಿ ಬರೆಯುದು ಇವಳೇ ಟೀಚರ್, ನನಗೆ ಕಣ್ಣು ಸರಿ ಕಾಣುದಿಲ್ಲ" ಅಂದರು. ನಮ್ಮ ಕಡೆ 25 ಬೀಡಿಯ ಒಂದು ಕಟ್ಟಿಗೆ ಸೂಡಿ ಅನ್ನುತ್ತಾರೆ. ನಾನು ಸುಮ್ನೆ ಕೇಳಿದೆ, ಹದಿಮೂರು ಸೂಡಿ ಅಂದರೆ ಎಷ್ಟು ಬೀಡಿ ಮೀನಾ?

"ಮುನ್ನೂರ ಇಪ್ಪತ್ತೈದು."

ತುಟಿ ಅಲ್ಲಾಡಲಿಲ್ಲ. ಹೇಗೆ ಅಂದೆ. "ನಾಲ್ಕು ಸೂಡಿಗೆ ನೂರು. ಹನ್ನೆರಡಕ್ಕೆ ಮುನ್ನೂರು. ಮತ್ತೆ ಒಂದು ಸೂಡಿ ಅಲ್ವಾ?" ಹದಿಮೂರನ್ನು ಹನ್ನೆರಡು ಮತ್ತು ಒಂದು ಅಂತ ಒಡೆದು ಗುಣಿಸಿ ಕೂಡಿಸುವುದನ್ನೇ ನಾನು ಎರಡು ವಾರದಿಂದ ಬೋರ್ಡಿನ ಮೇಲೆ ಆವರಣ ಹಾಕಿ ಕಲಿಸುತ್ತಿದ್ದೆ, ಇವಳು ಪಿಳಿಪಿಳಿ ನೋಡುತ್ತಿದ್ದಳು! ನಾಲ್ಕು ಸೂಡಿ ಅಂದರೆ ಅವಳಿಗೆ ನಾಲ್ಕು ವಸ್ತು ಅಲ್ಲ, ನೂರು ವಸ್ತುವೂ ಅಲ್ಲ, ಒಂದು ಗಂಟು. ಮಿಲ್ಲರ್ ಏಳು ಅಂದದ್ದು ಇಂಥ ಗಂಟುಗಳನ್ನೇ. ಗಂಟಿನೊಳಗೆ ಎಷ್ಟಿದ್ದರೂ ಹಿಡಿಯುವ ಕೈಗೆ ಅದು ಒಂದೇ.

ಮರುದಿನ ಬೋರ್ಡಿನಲ್ಲಿ ಆವರಣದ ಮೊದಲು ಸೂಡಿ ಬರೆದೆ. ಅವಳ ಹೆಸರು ಹೇಳಲಿಲ್ಲ. ಆದರೆ ಅವಳು ತಲೆ ಎತ್ತಿ ಕೂತದ್ದು ಕಂಡಿತು. ಕ್ಲಾಸಿನಲ್ಲಿ ಇನ್ನೂ ಐದಾರು ಮಕ್ಕಳ ಮನೆಯಲ್ಲಿ ಬೀಡಿ ಕಟ್ಟುತ್ತಾರೆ ಅಂತ ನನಗೆ ಗೊತ್ತಾದದ್ದು ಆ ದಿನ.

ಏನಾಯಿತು

ಕ್ರಿಸ್ಮಸ್ ಪರೀಕ್ಷೆಗೆ ಮೊದಲು ಕೊಟ್ಟ ಕ್ಲಾಸ್ ಟೆಸ್ಟಿನಲ್ಲಿ 20ಕ್ಕೆ 12. ಸಮೀಕರಣದ ಲೆಕ್ಕ ನಾಲ್ಕರಲ್ಲಿ ಮೂರು ಸರಿ. ರೇಖಾಗಣಿತ ಇನ್ನೂ ಕಷ್ಟ. ಬೇಗ ಮುಗಿಸಲು ಆಗುವುದಿಲ್ಲ, ಕೊನೆಯ ಎರಡು ಪ್ರಶ್ನೆ ಮುಟ್ಟಿಯೇ ಇರಲಿಲ್ಲ. ಒಂದೇ ತರದ ಲೆಕ್ಕ ಸಾಲಾಗಿ ಬಂದರೆ ಚೆನ್ನಾಗಿ ಮಾಡುತ್ತಾಳೆ, ಬೇರೆ ಬೇರೆ ತರದವು ಕಲೆತು ಬಂದರೆ ಯಾವ ದಾರಿ ಹಿಡಿಯಬೇಕು ಅಂತ ತಡೆಯುತ್ತಾಳೆ. ಅದರಲ್ಲಿ ತಪ್ಪು ನನ್ನದು. ಚೀಟಿಯನ್ನು ಕಲೆಸಬೇಕು ಅಂತ ಕಲಿತ ನಾನು ಲೆಕ್ಕಗಳನ್ನು ಕಲೆಸಿ ಕೊಡಲಿಲ್ಲ. ಜನವರಿಯಿಂದ ಕೊಡುತ್ತಿದ್ದೇನೆ.

ಇನ್ನೊಂದು ಬದಲಿಸಿದೆ. ಮಕ್ಕಳನ್ನು ಎದ್ದು ನಿಲ್ಲಿಸಿ ಉತ್ತರ ಕೇಳುವುದು ಬಿಟ್ಟಿದ್ದೇನೆ. ಲೆಕ್ಕದ ಹೆದರಿಕೆ ಕೂಡ ಕೆಲಸದ ನೆನಪಿನಲ್ಲಿ ಜಾಗ ತಿನ್ನುತ್ತದೆ ಅಂತ ಆ್ಯಷ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಸಂಶೋಧಕರು 2001ರಲ್ಲಿ ತೋರಿಸಿದ್ದು ನನಗೆ ಮೊದಲೇ ಓದಿ ಗೊತ್ತಿತ್ತು, ಆದರೂ ನಿಲ್ಲಿಸುತ್ತಿದ್ದೆ. ಮೀನಾ ಕೂತು ಹೇಳುವಾಗ ಬರುವ ಉತ್ತರ ನಿಂತರೆ ಬರುತ್ತಿರಲಿಲ್ಲ. ಕಣ್ಣಾರೆ ನೋಡಿದ ಮೇಲೆ ಬಿಟ್ಟೆ.

ಇದನ್ನು ಓದಿ ಎಲ್ಲ ಮಕ್ಕಳಿಗೂ ಒಂಬತ್ತು ಚೀಟಿ ಮಾಡಬೇಡಿ. ಅದೇ ಕ್ಲಾಸಿನಲ್ಲಿ ಇನ್ನೊಬ್ಬ ಹುಡುಗನಿಗೆ ಜುಲೈ ಟೆಸ್ಟಿನಲ್ಲಿ 20ಕ್ಕೆ 6 ಬಂದಿತ್ತು. ಅವನನ್ನೂ ಕೂರಿಸಿ ಬಾಯಿಬಿಟ್ಟು ಲೆಕ್ಕ ಮಾಡಲು ಹೇಳಿದೆ. ಮಗ್ಗಿ ಬಾಣದ ಹಾಗೆ ಬರುತ್ತದೆ. ಅವನು ತಡೆದದ್ದು "7 ಪಟ್ಟು" ಎಂಬ ಮಾತಿನಲ್ಲಿ, ಪಟ್ಟು ಅಂದರೆ ಹಠ ಅಂತ ತಿಳಿದಿದ್ದ. ಅವನಿಗೆ ಬೇಕಾದದ್ದು ಮಾತಿನ ಅರ್ಥ, ಚೀಟಿ ಅಲ್ಲ. ಉತ್ತರಪತ್ರಿಕೆ ಮಾತ್ರ ನೋಡಿದರೆ ಇಬ್ಬರೂ ಒಂದೇ. ಒಂದು ಮಗುವಿನ ಜೊತೆ ಹತ್ತು ನಿಮಿಷ ಕೂತು ಕೇಳುವುದು ಮೂವತ್ತೈದು ಮಕ್ಕಳ ಕ್ಲಾಸಿನಲ್ಲಿ ಸುಲಭ ಅಲ್ಲ ಅಂತ ನನಗೂ ಗೊತ್ತು. ನಾನು ವಾರಕ್ಕೆ ಇಬ್ಬರಂತೆ ಊಟದ ಬಿಡುವಿನಲ್ಲಿ ಮಾಡಿದೆ. ಐದು ತಿಂಗಳಲ್ಲಿ ಎಲ್ಲರ ಸರದಿಯೂ ಬಂತು.

ಮೊನ್ನೆ ಮೀನಾಳಿಗೆ ಭಿನ್ನರಾಶಿ ಕೊಡುವಾಗ ಕೇಳಿದೆ, ಮುಕ್ಕಾಲು ಸೂಡಿ ಅಂದರೆ ಎಷ್ಟು ಬೀಡಿ? ಅವಳು ನಕ್ಕಳು. "ಮುಕ್ಕಾಲು ಸೂಡಿ ಯಾರೂ ಕಟ್ಟುದಿಲ್ಲ ಟೀಚರ್." ಕಟ್ಟಿದರೆ ಅಂದೆ. ಪೆನ್ಸಿಲ್ ಎತ್ತಿಕೊಂಡು ಬಲಗಡೆಯ ಗೀಚುವ ಜಾಗಕ್ಕೆ ಹೋದಳು. ಅರ್ಧ, 12½ ಅಂತ ಬರೆದಳು. ಅದರ ಕೆಳಗೆ ಅದರ ಅರ್ಧ, 6¼. ಎರಡಕ್ಕೂ ಒಂದೊಂದು ಸರಿ ಗುರುತು ಹಾಕಿ, ಆಮೇಲೆ ಕೂಡಿಸಿದಳು.